ಕಟ್ಟು ಬಿಚ್ಚುವವಳು

ಹೊಸ ಪುಸ್ತಕ ಬರುವ ದಿನ ನಮ್ಮೂರಿನ ಯಾವ ಮನೆಯಲ್ಲೂ ಒಲೆಗಿಟ್ಟ ಹಾಲು ಪಾತ್ರೆಯಲ್ಲಿ ಉಳಿಯುವುದಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು ಬಸ್ಸಿನ ದಾರಿ ನೋಡುತ್ತಿರುತ್ತಾರೆ, ಹಾಲು ತನ್ನ ಪಾಡಿಗೆ ಉಕ್ಕಿ ಹೋಗುತ್ತದೆ. ಯುಗಾದಿ ಕಳೆದ ಮೂರನೆಯ ಸೋಮವಾರ, ಮಧ್ಯಾಹ್ನದ ಬಸ್ಸು. ಅದರ ಟಾಪಿನ ಮೇಲೆ ಗೋಣಿಯಲ್ಲಿ ಹೊಲಿದ ಒಂದು ಕಟ್ಟು. ಕಟ್ಟಿನೊಳಗೆ ನಾಲ್ಕು ಪುಸ್ತಕ: ಕೊಲೆಯೂ ಪ್ರೇಮವೂ ಬೆರೆತದ್ದು ಒಂದು, ರಾಜರ ಕಾಲದ್ದು ಒಂದು, ಯಾರೋ ತಮ್ಮ ಬದುಕನ್ನು ತಾವೇ ಬರೆದುಕೊಂಡದ್ದು ಒಂದು, ರಾಜಕೀಯದ್ದು ಒಂದು. ವರ್ಷಕ್ಕೆ ಅಷ್ಟೇ. ನಾಲ್ಕು ಪುಸ್ತಕಕ್ಕೆ ಇಷ್ಟೊಂದು ಸಡಗರವೇ ಎಂದು ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಅವರ ಊರಲ್ಲಿ ಓದಿದ ಅಕ್ಷರ ಪುಸ್ತಕದಲ್ಲೇ ಉಳಿಯುತ್ತದಂತೆ. ಅವರಿಗೇನು ಗೊತ್ತು!

ನಮ್ಮಲ್ಲಿ ಉಳಿಯುವುದಿಲ್ಲ. ಹೊಲಿಗೆ ಬಿದ್ದು ರಟ್ಟು ಹೊದ್ದ ಅಚ್ಚಿನ ಪುಸ್ತಕವನ್ನು ಒಬ್ಬರು ಓದಿದರೆ, ಓದಿದ ಸಾಲು ಓದಿದ ಹಾಗೇ ಹೋಗುತ್ತದೆ. ಒಣ ನೆಲ ನೀರು ಕುಡಿದಂತೆ ಕಾಗದ ಅಕ್ಷರವನ್ನು ಕುಡಿದುಬಿಡುತ್ತದೆ. ಬಸ್ಸಿನ ಬೋರ್ಡು, ಅಂಚೆಯ ಕಾಗದ, ಗೋಡೆಗೆ ಅಂಟಿಸಿದ ನೋಟೀಸು, ಕೈಯಲ್ಲಿ ಬರೆದದ್ದು, ಇವಕ್ಕೆಲ್ಲ ಏನೂ ಆಗುವುದಿಲ್ಲ. ಅಚ್ಚಿನ ಪುಸ್ತಕಕ್ಕೆ ಮಾತ್ರ ಹೀಗೆ. ಆದ್ದರಿಂದ ಒಂದು ಪುಸ್ತಕಕ್ಕೆ ಒಬ್ಬರೇ ಓದುಗರು. ಅವರು ಮನೆಗೊಯ್ದು ಒಂದು ತಿಂಗಳು ಓದಿ, ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಸಂತೆಮಾಳದ ತಗಡಿನ ಚಪ್ಪರದಲ್ಲಿ ಕೂತು ಊರಿಗೆಲ್ಲ ಹೇಳಬೇಕು. ಯಾರು ಓದುವುದು ಎಂಬುದು ಚೀಟಿಯ ಮೇಲೆ. ಓದು ಬಂದವರೆಲ್ಲ ಹೆಸರು ಬರೆದು ಪುಸ್ತಕ ಭಂಡಾರದ ಹಿತ್ತಾಳೆ ಕೊಡದೊಳಗೆ ಹಾಕುತ್ತಾರೆ. ಖಾಲಿಯಾದ ಪುಸ್ತಕ ಶಾಲೆಗೆ ಹೋಗುತ್ತದೆ, ಮಕ್ಕಳಿಗೆ ನೋಟುಬುಕ್ಕಾಗಿ.

ನಾನು ಹೊಂಬಾಳಮ್ಮ, ಭಂಡಾರದಲ್ಲಿ ಕಟ್ಟು ಬಿಚ್ಚುವವಳು. ಗೋಣಿ ಬಿಚ್ಚಿ, ಅಂಚು ಕತ್ತರಿಸದೆ ಬರುವ ಹೊಸ ಪುಸ್ತಕದ ಮಡಿಕೆ ಹಾಳೆಗಳನ್ನು ಬಿದಿರಿನ ಚಾಕುವಿನಿಂದ ಸೀಳಿ, ಹೊಲಿಗೆ ಬಿಟ್ಟಿದೆಯೇ, ಹಾಳೆ ಹರಿದಿದೆಯೇ ಎಂದು ಒಂದೊಂದನ್ನೂ ಬೆರಳಲ್ಲಿ ಸವರಿ, ಕೊನೆಗೆ ಬಟ್ಟೆ ಸುತ್ತಿ ಇಡಬೇಕು. ಯಾವುದು ಯಾವ ಪುಸ್ತಕ ಎಂದು ತಿಳಿಯಲು ಕಳಿಸುವವರು ದಾರ ಕಟ್ಟಿ ಗಂಟು ಹಾಕಿರುತ್ತಾರೆ. ಒಂದು ಗಂಟಾದರೆ ಕೊಲೆ-ಪ್ರೇಮ, ಎರಡಾದರೆ ರಾಜರದ್ದು, ಮೂರಾದರೆ ಆತ್ಮಕಥೆ, ನಾಲ್ಕಾದರೆ ರಾಜಕೀಯ. ಓದು ಬಂದವರು ಈ ಕೆಲಸಕ್ಕೆ ಕೂತರೆ ಪುಸ್ತಕ ಅಲ್ಲೇ ಖಾಲಿಯಾದೀತಲ್ಲ! ಅದಕ್ಕೆಂದೇ ನಮ್ಮ ಮನೆತನದಲ್ಲಿ ಒಬ್ಬ ಹೆಣ್ಣುಮಗಳನ್ನು ಶಾಲೆಗೆ ಕಳಿಸುವುದಿಲ್ಲ. ಏಳು ತಲೆಮಾರಿನಿಂದ ಹೀಗೇ ನಡೆದು ಬಂದದ್ದು. ನನ್ನ ಸರದಿಯಲ್ಲಿ ನಾವಿಬ್ಬರು ಇದ್ದೆವು, ಅಕ್ಕ ಮಾಯಮ್ಮ ಮತ್ತು ನಾನು. ಅಪ್ಪ ತಂಬಿಗೆಯಲ್ಲಿ ಎರಡು ಹುಣಸೆ ಬೀಜ ಹಾಕಿದ. ಒಂದನ್ನು ಕಲ್ಲಿಗೆ ತೇದು ಬಿಳಿ ಮಾಡಿದ್ದ. ಬಿಳಿ ಬಂದವಳು ಶಾಲೆಗೆ. ಅಕ್ಕ ಮೊದಲು ಕೈ ಹಾಕಿ ಬಿಳಿ ಬೀಜ ತೋರಿಸಿದಳು. ಕೇರಿಯವರು ಓಹೋ ಎಂದರು. ಮುಗಿಯಿತು.

ಅಕ್ಕ ಓದಿದಳು, ಊರು ಬಿಟ್ಟಳು, ದೂರದ ಬಸ್ಸುಗಳಲ್ಲಿ ಕಂಡಕ್ಟರ್ ಆದಳು. ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಭಂಡಾರದ ಯಜಮಾನರಾದ ಆರಾಧ್ಯ ಮೇಷ್ಟ್ರೇ ಅದನ್ನು ನನಗೆ ಓದಿ ಹೇಳುತ್ತಿದ್ದರು. ಕೊನೆಗೆ ಬಂದಾಗ ಅವರ ದನಿ ಒಂದು ಕ್ಷಣ ತಡವರಿಸುತ್ತಿತ್ತು. ಆಮೇಲೆ, “ಉಳಿದಂತೆ ಕ್ಷೇಮ” ಎಂದು ಕಾಗದ ಮಡಚುತ್ತಿದ್ದರು. ಇಪ್ಪತ್ತು ವರ್ಷ ನಾನು ಆ ತಡವರಿಕೆ ಕೇಳಿದೆ. ಕಟ್ಟು ಬಿಚ್ಚುವವಳ ಕಿವಿ ಮತ್ತು ಬೆರಳು ಬಲು ಚುರುಕು ಕಣ್ರೀ. ಏನೋ ನುಂಗುತ್ತಿದ್ದಾರೆ ಎಂದು ನನಗೆ ಗೊತ್ತಾಗಿತ್ತು.

ಐವತ್ತಾರನೇ ವಯಸ್ಸಿನಲ್ಲಿ ಕಲಿಯಲು ಶುರು ಮಾಡಿದೆ, ಯಾರಿಗೂ ಹೇಳದೆ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ, ಆ ಹೆಸರು ಬೋರ್ಡಿನಲ್ಲೂ ಇರುತ್ತದೆ. ಕೂಗಿಗೂ ಬೋರ್ಡಿಗೂ ಗಂಟು ಹಾಕುತ್ತಾ ಹೋದೆ. ಎರಡು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಟ್ರಂಕು ತೆಗೆದು ಅಕ್ಕನ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಎಲ್ಲ ಕಾಗದದ ಕೊನೆಗೂ ಒಂದೇ ಮಾತು: “ಹೊಂಬಾಳ, ನಿನಗೊಂದು ವಿಷಯ ಹೇಳಬೇಕಿದೆ. ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳುವಂಥದ್ದಲ್ಲ. ಬರೆದರೆ ಊರೆಲ್ಲ ಕೇಳುವ ಹಾಗೇ ಬರೆಯುತ್ತೇನೆ.” ಊರೆಲ್ಲ ಕೇಳುವ ಹಾಗೆ ಎಂದರೆ ಇನ್ನೇನು, ಪುಸ್ತಕ! ನನ್ನಕ್ಕ ಪುಸ್ತಕ ಬರೆಯುತ್ತಿದ್ದಾಳೆ! ಕುಣಿಯಬೇಕೆನಿಸಿತು. ಆದರೆ ಕುಣಿದು ಯಾರಿಗೆ ಹೇಳುವುದು? ಓದು ಬಂದ ಕಟ್ಟು ಬಿಚ್ಚುವವಳಿಗೆ ನಮ್ಮೂರಲ್ಲಿ ಇರುವುದು ಒಂದೇ ಶಿಕ್ಷೆ. ಜೀವ ಇರುವ ತನಕ ಚಪ್ಪರದೊಳಗೆ ಕಾಲಿಡುವಂತಿಲ್ಲ. ಪುಸ್ತಕ ಹೇಳುವ ಭಾನುವಾರಗಳಿಲ್ಲದಿದ್ದರೆ ನಾನು ಯಾವುದಕ್ಕೆ ಬದುಕಬೇಕು?

ಇನ್ನೊಂದು ಸಂಕಟವೂ ಇತ್ತು. ನನಗಿರುವುದು ಒಬ್ಬನೇ ಮಗ, ಅವನಿಗೆ ಒಬ್ಬಳೇ ಮಗಳು, ನೀಲಿ. ಆರು ವರ್ಷ. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು. ಸಂಕ್ರಾಂತಿಯ ದಿನ ಆರಾಧ್ಯ ಮೇಷ್ಟ್ರು ಮನೆಗೆ ಬಂದು ಎಳ್ಳು ತಿಂದು, “ನೀಲಿ ಹೆಸರು ಶಾಲೆಗೆ ಬರೆಸೋ ಹಾಗಿಲ್ಲ, ಗೊತ್ತಲ್ವಾ ಹೊಂಬಾಳ?” ಎಂದರು. ನಾನು ತಲೆಯಾಡಿಸಿದೆ. ಅಭ್ಯಾಸಬಲ. ಬಾಗಿಲ ಹಿಂದೆ ನಿಂತಿದ್ದ ನನ್ನ ಸೊಸೆ ಸಾವಂತ್ರಿ ಅದನ್ನು ನೋಡಿದಳು. ಅಂದಿನಿಂದ ಅವಳು ನನ್ನೊಡನೆ ಮಾತಾಡಲಿಲ್ಲ. ತಟ್ಟೆ ಮುಂದಿಡುತ್ತಿದ್ದಳು, ಗೋಡೆ ನೋಡುತ್ತಿದ್ದಳು. ಮಗ ಲಾರಿ ಹತ್ತಿ ಹೋದರೆ ತಿಂಗಳುಗಟ್ಟಲೆ ಬಾರದವನು, ಅವನಿಗೆ ಇದೆಲ್ಲ ತಿಳಿಯದು.

ಇಂಥ ವರ್ಷದ ಹೊಸ ಪುಸ್ತಕದ ದಿನ ಬಂತು ನೋಡಿ!

ಬಸ್ಸು ಊರ ಬಾಗಿಲಿಂದಲೇ ಹಾರನ್ ಹೊಡೆಯುತ್ತಾ ಬಂತು. ಸೆಲೂನ್ ಮುನಿಸ್ವಾಮಿ ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಗಿರಾಕಿಯೂ ಅವನ ಹಿಂದೆಯೇ ಓಡಿ ಬಂದ, ನೊರೆ ಸಮೇತ. “ಈ ಸಲ ಕೊಲೆ ಯಾರು ಮಾಡಿರ್ತಾರೆ ಹೇಳು, ಗಂಡನೋ ಪ್ರೇಮಿಯೋ?” ಎಂದು ಒಬ್ಬ. “ಕಳೆದ ವರ್ಷದ ರಾಜ ಪುಕ್ಕಲ. ಈ ವರ್ಷನಾದ್ರೂ ಒಬ್ಬ ಗಟ್ಟಿ ರಾಜ ಬರ್ಲಪ್ಪಾ” ಎಂದು ಬಳೆ ಅಂಗಡಿಯ ಮೆಹಬೂಬ್ ಬೀ. ಕಟ್ಟು ಇಳಿಯಿತು. ಇಳಿಸಿದವರು ಅದನ್ನು ಕೂಸಿನ ಹಾಗೆ ಕೈಯಿಂದ ಕೈಗೆ ದಾಟಿಸಿ ಭಂಡಾರಕ್ಕೆ ತಂದರು. ಮೇಷ್ಟ್ರು ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದರು. ಊರೆಲ್ಲ ಬಾಗಿಲಾಚೆ, ಒಳಗೆ ನಾನೂ ನಾಲ್ಕು ಪುಸ್ತಕವೂ.

ಸೂರು ನೋಡಿಕೊಂಡೇ ಕೆಲಸ ಮಾಡುವುದು ಎಂದು ನಿಶ್ಚಯಿಸಿಕೊಂಡಿದ್ದೆ. ಹೇಗೂ ಇದು ಬೆರಳಿನ ಕೆಲಸ. ಒಂದು ಗಂಟಿನ ಪುಸ್ತಕ ತೆಗೆದುಕೊಂಡೆ, ಸೂರಿನ ಜೇಡ ನೋಡುತ್ತಾ ಸರಸರ ಸೀಳುತ್ತಾ ಹೋದೆ. ಅರ್ಧಕ್ಕೆ ಬಂದಾಗ ಚಾಕು ಜಾರಿತು. ಹಾಳೆ ಹರಿಯಿತೇನೋ ಎಂದು ಗಾಬರಿಯಲ್ಲಿ ಕೆಳಗೆ ನೋಡಿಬಿಟ್ಟೆ. “ಅಂಗಿಯ ಗುಂಡಿ ಹೊಲಿಯುತ್ತಲೇ ಅವಳು ಕೇಳಿದಳು: ನಿನ್ನೆ ಆ ಹೆಣ ಎತ್ತುವಾಗ ನಿಮ್ಮ ಕೈ ನಡುಗಲಿಲ್ಲವೇ?”

ಅಯ್ಯೋ ದೇವರೇ! ನನ್ನ ಜನ್ಮದಲ್ಲಿ ನಾನು ಓದಿದ ಮೊದಲ ಪುಸ್ತಕದ ಸಾಲು ಅದು. ಮೈಯೆಲ್ಲ ಜುಂ ಎಂದಿತು. ಯಾರ ಹೆಣ? ಯಾಕೆ ಎತ್ತಿದ? ಇವಳಿಗೆ ಹೇಗೆ ಗೊತ್ತಾಯಿತು? ಮುಂದಿನ ಸಾಲಿಗೆ ಕಣ್ಣು ಓಡುವಷ್ಟರಲ್ಲಿ ಪುಸ್ತಕ ಮುಚ್ಚಿದೆ. ಆ ಸಾಲು ಇದ್ದ ಜಾಗ ಬೋಳಾಗಿತ್ತು. ನಾಲಗೆ ಕಚ್ಚಿಕೊಂಡು ಬಟ್ಟೆ ಸುತ್ತಿದೆ. ಒಂದು ಸಾಲು ತಾನೇ, ಓದುವವರು ಹೇಗೋ ತೇಪೆ ಹಾಕುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಭಯಕ್ಕಿಂತ ಖುಷಿಯೇ ಹೆಚ್ಚಾಗಿತ್ತು.

ರಾಜರದ್ದು ಸುರಕ್ಷಿತವಾಗಿ ಮುಗಿಯಿತು. ಮೂರು ಗಂಟಿನದು ಕೈಗೆ ಬಂತು. ಈಗ ಬುದ್ಧಿ ಬಂದಿತ್ತು, ಕತ್ತು ನೋಯುವಷ್ಟು ಮೇಲೆ ನೋಡುತ್ತಿದ್ದೆ. ಆದರೆ ಓದು ಕಲಿತ ಕಣ್ಣು ಒಡತಿಯ ಮಾತು ಕೇಳುವುದಿಲ್ಲ. ಹಾಳೆ ಮಗುಚುವಾಗ ಓರೆಗಣ್ಣಿಗೆ ಒಂದು ಪದ ಬಿತ್ತು. ಹೊಂಬಾಳ. ನನ್ನ ಹೆಸರು, ಅಚ್ಚಿನಲ್ಲಿ! ಇಡೀ ಊರು ಬಾಗಿಲಿಗೆ ಬೆಂಕಿ ಹಚ್ಚಿದ್ದರೂ ಆಗ ನಾನು ಕಣ್ಣು ಕೀಳುತ್ತಿರಲಿಲ್ಲ. ಅಕ್ಕನ ಪುಸ್ತಕ ಅದು. ಆ ಪುಟ ಓದಿದೆ. ಮುಂದಿನ ಪುಟವನ್ನೂ ಓದಿದೆ. ಅಕ್ಷರಗಳು ನನ್ನ ಕಣ್ಣ ಹಿಂದೆಯೇ ಒಂದೊಂದಾಗಿ ಅಳಿಯುತ್ತಾ ಬಂದವು. ಮೂರನೆಯದಕ್ಕೆ ಹೊರಟಾಗ ಮೇಷ್ಟ್ರು ಬಾಗಿಲು ತಟ್ಟಿದರು: “ಆಯ್ತೇನವ್ವಾ ಹೊಂಬಾಳ? ಜನ ತಾಳ್ತಿಲ್ಲ!”

ಆ ಪುಟಗಳಲ್ಲಿ ಏನಿತ್ತೆಂದು ಈಗಲೇ ಹೇಳುವುದಿಲ್ಲ. ಊರಿಗೆ ಹೇಳಿದಾಗಲೇ ನಿಮಗೂ ಹೇಳುತ್ತೇನೆ. ನಾಲ್ಕು ಗಂಟಿನದನ್ನು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಬಾಗಿಲು ತೆರೆದಾಗ ನನ್ನ ಮುಖ ನೋಡಿ ಮೆಹಬೂಬ್ ಬೀ, “ಏನ್ ಹೊಂಬಾಳಕ್ಕ, ಒಳ್ಳೆ ಮದುಮಗಳ ಥರ ಬೆವರಿದೀಯಾ?” ಎಂದು ಕೀಟಲೆ ಮಾಡಿದಳು.

ಚೀಟಿ ಎತ್ತಿದರು. ಕೊಲೆ-ಪ್ರೇಮ ಯಾರಿಗೆ ಬಂತೆಂದು ಕೇಳಿ: ಪಾತ್ರೆ ಅಂಗಡಿ ಪದ್ಮರಾಜಯ್ಯನವರಿಗೆ! ಎಪ್ಪತ್ತು ವರ್ಷದ ಸಾಧುಪ್ರಾಣಿ, ಹೆಂಗಸರು ಚೊಂಬು ಕೊಳ್ಳಲು ಬಂದರೆ ಚೊಂಬನ್ನೇ ನೋಡುತ್ತಾ ಮಾತಾಡುವವರು. ಚಪ್ಪಾಳೆಯೋ ಚಪ್ಪಾಳೆ. ಅವರು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ರಾಜರದ್ದು ಮೆಹಬೂಬ್ ಬೀಗೆ, ರಾಜಕೀಯ ಮುನಿಸ್ವಾಮಿಗೆ. ಮೂರು ಗಂಟಿನ ಚೀಟಿ ಬಿಚ್ಚಿ ಮೇಷ್ಟ್ರು, “ಸಾವಂತ್ರಿ!” ಎಂದು ಕೂಗಿದರು. ನನ್ನ ಸೊಸೆ.

ಆರು ದಿನ ಅವಳು ಪಡಸಾಲೆಯ ಕಂಬಕ್ಕೊರಗಿ ಓದಿದಳು. ನಗುತ್ತಿದ್ದಳು, ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅಡಿಗೆಮನೆಯಿಂದ ಇಣುಕುತ್ತಿದ್ದೆ. ಏಳನೆಯ ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಪುಸ್ತಕ ಬಿಚ್ಚಿಕೊಂಡೇ ಬಂದಳು.

“ಅತ್ತೆ.”

ಮೂರು ತಿಂಗಳ ಮೇಲೆ ಅವಳ ಬಾಯಿಂದ ಕೇಳಿದ ಮೊದಲ ಮಾತು. “ಇದೇನಿದು?” ಎಂದು ಖಾಲಿ ಪುಟ ತೋರಿಸಿದಳು.

“ಅಚ್ಚಿನವರು ಬಿಟ್ಟಿರ್ತಾರೆ ಕಣಮ್ಮ. ಯಂತ್ರ ಅಂದ್ಮೇಲೆ...”

“ಮುಟ್ಟಿ ನೋಡಿ.”

ಮುಟ್ಟುವುದೇ ಬೇಕಿರಲಿಲ್ಲ. ಅಚ್ಚು ಕಾಣದ ಕಾಗದ ನುಣ್ಣಗೆ ಜಾರುತ್ತದೆ, ಓದಿದ ಕಾಗದ ಒಗೆದ ಬಟ್ಟೆಯ ಹಾಗೆ ಮೆತ್ತಗಾಗಿರುತ್ತದೆ. ಊರಲ್ಲಿ ಅದು ನನ್ನ ಬೆರಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಇದು ಓದಿದ ಕಾಗದ. ನನಗಿಂತ ಮುಂಚೆ ಇದನ್ನ ಮುಟ್ಟಿರೋದು ಒಂದೇ ಕೈ” ಎಂದಳು. ದನಿ ಏರಿಸಲಿಲ್ಲ. “ನಿಮಗೆ ಓದೋಕೆ ಬರುತ್ತೆ. ಅದರ ರುಚಿ ಏನು ಅಂತ ಗೊತ್ತು ನಿಮಗೆ. ಗೊತ್ತಿದ್ದೂ ನನ್ನ ಮಗಳನ್ನ ಮನೇಲಿ ಕೂರಿಸೋಕೆ ತಲೆ ಆಡಿಸಿದ್ರಲ್ಲ ಅತ್ತೆ, ಹೆಂಗೆ ಮನಸ್ಸು ಬಂತು ನಿಮಗೆ?”

ಜರಡಿ ಕೈಯಲ್ಲೇ ನಿಂತಿತು. ಬಯ್ದಿದ್ದರೆ ಚೆನ್ನಾಗಿತ್ತು. ಮೇಷ್ಟ್ರಿಗೆ ಹೇಳಿಬಿಡುತ್ತಾಳೆ ಎಂದುಕೊಂಡೆ, ಅದನ್ನೂ ಮಾಡಲಿಲ್ಲ. ಕಂಬಕ್ಕೊರಗಿ ಮುಂದಿನ ಪುಟಗಳನ್ನು ಓದಲು ಕೂತಳು. ನಾನು ಅವಳ ಬೆನ್ನನ್ನೇ ನೋಡುತ್ತಾ ನಿಂತೆ. ಎರಡನೇ ಪುಟದಲ್ಲಿ ಅಕ್ಕ ಬರೆದಿದ್ದ ಒಂದು ಮಾತು ನೀಲಿಗೆ ಶಾಲೆಯ ಬಾಗಿಲು ತೆಗೆಯಬಲ್ಲದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟರೆ ಚಪ್ಪರ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಇಡೀ ಬದುಕು ದಂಡವಾಯಿತೆಂದು ನಾನೇ ಊರ ಮುಂದೆ ಒಪ್ಪಿಕೊಂಡಂತೆ. ನನ್ನ ಬಾಯಿ ಕಟ್ಟಿದ್ದು ಅದು.

ಹೇಳುವ ಭಾನುವಾರಗಳು ಶುರುವಾದವು. ಮೊದಲನೆಯದು ಪದ್ಮರಾಜಯ್ಯನವರದ್ದು. ಆ ಸಾಧು ಮನುಷ್ಯ ಪ್ರೇಮದ ಕಡೆ ಬಂದಾಗಲೆಲ್ಲ ಕೆಮ್ಮುತ್ತಿದ್ದರು. ಜನ, “ಕೆಮ್ಮು ಸಾಕು, ಮುಂದೆ ಹೇಳಿ ಅಯ್ಯನವರೇ!” ಎಂದು ಕೂಗುತ್ತಿದ್ದರು. ಗುಂಡಿಯ ಜಾಗ ಬಂತು. ಅವರು ತಲೆ ತುರಿಸಿಕೊಂಡು, “ಅಂಗಿ ಗುಂಡಿ ಹೊಲೀಬೇಕು ಅಂತ ಅವಳು ಸೂಜಿ ದಾರ ತಂದು ಕೂತ್ಲು... ಕೂತು... ಊಟ ಆಯ್ತಾ ಅಂತ ಕೇಳಿದ್ಲು. ಅವನು ಬೆಚ್ಚಿಬಿದ್ದು ಎದ್ದು ಓಡಿಹೋದ” ಎಂದರು. “ಊಟ ಆಯ್ತಾ ಅಂದ್ರೆ ಯಾಕ್ರೀ ಓಡ್ಹೋಗ್ತಾನೆ?” ಎಂದು ಮುನಿಸ್ವಾಮಿ ಎದ್ದು ನಿಂತು ಕೇಳಿದ. ಪದ್ಮರಾಜಯ್ಯನವರು ಕೆಮ್ಮಿದರು. ಒಂದು ವಾರ ಊರಲ್ಲಿ ಅದೇ ಚರ್ಚೆ. ಹೆಂಡತಿ ಊಟ ಆಯ್ತಾ ಎಂದರೆ ಗಂಡಸರು ಬೇಕೆಂದೇ ಬೆಚ್ಚಿಬಿದ್ದು ಓಡುತ್ತಿದ್ದರು. ನಾನು ಒಳಗೊಳಗೇ ನರಳುತ್ತಿದ್ದೆ.

ಎರಡನೇ ವಾರ ಮೆಹಬೂಬ್ ಬೀಯ ರಾಜ ಗಟ್ಟಿಗನೇ ಆಗಿದ್ದ. ರಾಣಿ ಕೋಟೆಯ ಬಾಗಿಲಲ್ಲಿ ಬಳೆ ಒಡೆದುಕೊಳ್ಳದೆ ಕತ್ತಿ ಹಿಡಿದಾಗ ಮೆಹಬೂಬ್ ಬೀ ತನ್ನ ಎರಡೂ ಕೈಯ ಬಳೆ ಝಣಝಣ ಅನ್ನಿಸಿದಳು. ಹೆಂಗಸರೆಲ್ಲ ಎದ್ದು ನಿಂತರು. ಮೂರನೇ ವಾರ ಮುನಿಸ್ವಾಮಿ ಒಂದು ಸರಕಾರ ಹೇಗೆ ಬಿತ್ತೆಂದು ಹೇಳಲು ಹೋಗಿ ಚಪ್ಪರವನ್ನೇ ಎರಡು ಪಕ್ಷ ಮಾಡಿದ. ನಾಲ್ಕನೇ ಭಾನುವಾರ ಸಾವಂತ್ರಿಯದು. ನೀಲಿ ನನ್ನ ತೊಡೆಯ ಮೇಲಿದ್ದಳು. ಜೂನ್‌ಗೆ ಒಂದು ವಾರವೂ ಉಳಿದಿರಲಿಲ್ಲ.

ನನ್ನ ಸೊಸೆ ಎಷ್ಟು ಚೆನ್ನಾಗಿ ಹೇಳುತ್ತಾಳೆಂದು ಆ ದಿನವೇ ನನಗೆ ತಿಳಿದದ್ದು! ನಮ್ಮೂರಿನ ಮಾಯಮ್ಮನ ಪುಸ್ತಕ ಎಂದೊಡನೆ ಜನ ಹುಚ್ಚೆದ್ದರು. ಬಸ್ಸಲ್ಲೇ ಹೆರಿಗೆಯಾಗಿ ಪ್ರಯಾಣಿಕರೆಲ್ಲ ಸೇರಿ ಕೂಸಿಗೆ ಹೆಸರಿಟ್ಟದ್ದು, ಟಿಕೆಟ್ ಕೊಳ್ಳದ ಪೈಲ್ವಾನನನ್ನು ಅಕ್ಕ ಕಿವಿ ಹಿಡಿದು ಇಳಿಸಿದ್ದು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆಮೇಲೆ ಸಾವಂತ್ರಿ ದನಿ ತಗ್ಗಿಸಿದಳು. “ಬೀಜ ಎತ್ತೋ ದಿನ ಅಪ್ಪ ತಂಬಿಗೆ ತಂದು ನಡುಮನೇಲಿ ಇಟ್ಟ. ಮೊದಲು ನಾನು ಕೈ ಹಾಕಿದೆ...” ಅಷ್ಟಕ್ಕೆ ನಿಲ್ಲಿಸಿದಳು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

“ಮುಂದಿನ ಎರಡು ಪುಟ ನನ್ನ ಹತ್ರ ಇಲ್ಲ.”

ಚಪ್ಪರದಲ್ಲೆಲ್ಲ ಗುಲ್ಲೆದ್ದಿತು. ಮುಂಚೆಯೇ ಯಾರೋ ಓದಿದ್ದಾರೆ! ಆರಾಧ್ಯ ಮೇಷ್ಟ್ರು ಎದ್ದು ನಿಂತು, “ಯಾರು? ಯಾರು ಮುಟ್ಟಿದ್ದು?” ಎಂದು ಕೇಳಿದರು. ಸಾವಂತ್ರಿ ನನ್ನನ್ನು ನೋಡಿದಳು. ಹೆಸರು ಹೇಳಲಿಲ್ಲ. ಗೋಡೆ ನೋಡುತ್ತಿದ್ದ ಹುಡುಗಿ ಈಗ ನನ್ನನ್ನೇ ನೋಡುತ್ತಿದ್ದಳು. ನನ್ನ ತೊಡೆಯ ಮೇಲೆ ನೀಲಿ ಏನೂ ತಿಳಿಯದೆ ನನ್ನ ಬಳೆ ತಿರುಗಿಸುತ್ತಿದ್ದಳು. ಅವಳನ್ನು ಕೆಳಗಿಳಿಸಿ ಎದ್ದೆ.

“ನಾನು.”

“ನೀನಾ? ನಿನಗೆಲ್ಲಿ ಓದೋಕೆ ಬರುತ್ತೆ ಹೊಂಬಾಳ?”

“ಬರುತ್ತೆ ಮೇಷ್ಟ್ರೇ. ಅಕ್ಕನ ಕಾಗದದಲ್ಲಿ ನೀವು ಕೊನೇ ಸಾಲು ಬಿಟ್ಟು ಓದ್ತಿದ್ರಲ್ಲ, ಅದನ್ನ ಓದೋಕೆ ಅಂತ ಕಲ್ತೆ.”

ಮೇಷ್ಟ್ರ ಮುಖ ಸುಣ್ಣವಾಯಿತು. “ನಿನ್ನ ಮನಸ್ಸು ನೋಯುತ್ತೆ ಅಂತ ಬಿಟ್ಟೆ ಕಣವ್ವಾ” ಎಂದು ಕೂತುಬಿಟ್ಟರು. ನಾನು, “ಚಪ್ಪರದಿಂದ ಆಚೆ ಹೋಗ್ತೀನಿ. ಅದಕ್ಕೂ ಮುಂಚೆ ಆ ಎರಡು ಪುಟ ಊರಿಗೆ ಕೊಟ್ಟು ಹೋಗ್ತೀನಿ” ಎಂದೆ. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ನಮ್ಮೂರವರಿಗೆ ಸಾಧ್ಯವೇ? ಮುಂದೇನಾಯಿತೆಂದು ತಿಳಿಯದೆ ಅವರಿಗೆ ಅನ್ನ ಇಳಿಯುವುದಿಲ್ಲ.

ಕಣ್ಣು ಮುಚ್ಚಿದೆ. ಎರಡು ಪುಟವೂ ಅಕ್ಷರ ಅಕ್ಷರವಾಗಿ ಎದುರಿಗೆ ಬಂದವು. “ನನ್ನ ಕೈಗೆ ಬಂದದ್ದು ಕಪ್ಪು ಬೀಜ. ಹಿಂದಿನ ದಿನವೇ ನಾನು ಇನ್ನೊಂದು ಬೀಜ ತೇದು ಲಂಗದ ಅಂಚಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಕಪ್ಪನ್ನು ಅಂಗೈಯಲ್ಲಿ ಅಡಗಿಸಿ ಬಿಳಿಯದನ್ನು ತೋರಿಸಿದೆ. ಎಲ್ಲರೂ ಓಹೋ ಎಂದರು. ತಂಬಿಗೆಯೊಳಗೆ ಉಳಿದಿದ್ದದ್ದೂ ಬಿಳಿ ಬೀಜವೇ. ಯಾರೂ ಇಣುಕಿ ನೋಡಲಿಲ್ಲ. ಹೊಂಬಾಳ ಕೈಯೇ ಹಾಕಲಿಲ್ಲ. ಅವಳ ಬಿಳಿ ಬೀಜ ಅಲ್ಲೇ ಉಳಿಯಿತು. ಶಾಲೆಯಲ್ಲಿ ನಾನು ಕಲಿತ ಒಂದೊಂದು ಅಕ್ಷರವೂ ಅವಳದು.”

ಎರಡನೇ ಪುಟಕ್ಕೆ ಬಂದೆ. “ಒಂದು ದಿನ ಕಣ್ಣಿಲ್ಲದ ಒಬ್ಬರು ನನ್ನ ಬಸ್ಸು ಹತ್ತಿದರು. ನೋಟು ಯಾವುದು, ಚಿಲ್ಲರೆ ಎಷ್ಟು, ಟಿಕೆಟ್ಟಿನ ತುದಿ ಹರಿದಿದೆಯೇ, ಎಲ್ಲವನ್ನೂ ಬೆರಳಲ್ಲೇ ತಿಳಿದುಕೊಂಡರು. ಆ ಬೆರಳು ನೋಡುತ್ತಾ ನನಗೆ ತಂಗಿಯ ಬೆರಳು ನೆನಪಾಯಿತು. ಮಡಿಕೆ ಸೀಳುವುದು ಬೆರಳು, ಹೊಲಿಗೆ ಸವರುವುದು ಬೆರಳು, ಗಂಟು ಎಣಿಸುವುದು ಬೆರಳು. ಕಟ್ಟು ಬಿಚ್ಚುವ ಕೆಲಸದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಓದು ಬಂದ ಯಾರಾದರೂ ಕಣ್ಣಿಗೆ ಒಂದು ಬಟ್ಟೆ ಕಟ್ಟಿಕೊಂಡಿದ್ದರೆ ಸಾಕಿತ್ತು. ಒಂದು ಗೇಣು ಬಟ್ಟೆ! ನಾನು ಮೋಸ ಮಾಡಬೇಕಿರಲಿಲ್ಲ, ಅವಳು ಕಳೆದುಕೊಳ್ಳಬೇಕಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಇಳಿದು, ರಸ್ತೆಯ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.”

ಅಷ್ಟೇ ಇದ್ದದ್ದು. ಕಣ್ಣು ಬಿಟ್ಟೆ. ಆಗ ಪದ್ಮರಾಜಯ್ಯನವರು ನಿಧಾನಕ್ಕೆ ಎದ್ದರು. ಹೆಗಲ ಮೇಲಿನ ಶಲ್ಯ ತೆಗೆದು ಕಣ್ಣಿಗೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡರು. ಎರಡು ಕೈ ಮುಂದೆ ಚಾಚಿ, “ಒಂದು ಪುಸ್ತಕ ಕೊಡ್ರಪ್ಪಾ” ಎಂದರು. ಸಾವಂತ್ರಿ ಅಕ್ಕನ ಪುಸ್ತಕವನ್ನೇ ಕೈಗಿಟ್ಟಳು. ಅವರು ಹಾಳೆ ಮಗುಚಿದರು, ಹೊಲಿಗೆ ಸವರಿದರು.

“ಹಾಳೆ ಗೊತ್ತಾಗ್ತದೆ. ದಾರ ಗೊತ್ತಾಗ್ತದೆ. ಏನೂ ಕಾಣಲ್ಲ ಕಣ್ರಪ್ಪಾ, ಏನೇನೂ ಕಾಣಲ್ಲ!”

“ಯಾ ಅಲ್ಲಾ, ಏಳು ತಲೆಮಾರು!” ಎಂದು ಮೆಹಬೂಬ್ ಬೀ ಹಣೆ ಹಣೆ ಚಚ್ಚಿಕೊಂಡಳು. “ನಮ್ಮಲ್ಲಿ ಒಬ್ರಿಗೂ ಹೊಳೀಲಿಲ್ವಲ್ಲೇ ಹೊಂಬಾಳಕ್ಕಾ!” ಯಾರೋ ನಕ್ಕರು. ನಗು ಚಪ್ಪರವೆಲ್ಲ ಹಬ್ಬಿತು. ಟವೆಲು, ಸೆರಗು, ಕರವಸ್ತ್ರ, ಸಿಕ್ಕಿದ್ದನ್ನು ಕಣ್ಣಿಗೆ ಕಟ್ಟಿಕೊಂಡು ಜನ ಒಬ್ಬರ ಮೂಗು ಒಬ್ಬರು ಮುಟ್ಟಿ ನೋಡುತ್ತಿದ್ದರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಸಿಟ್ಟು ಉಕ್ಕಿ ಬಂತು. ಒಂದು ಗೇಣು ಬಟ್ಟೆ! ನನ್ನಜ್ಜಿ, ಅವಳಜ್ಜಿ, ಎಲ್ಲರೂ ಹೆಬ್ಬೆಟ್ಟು ಒತ್ತಿ ಸತ್ತರು. ಅಕ್ಕನ ಮೇಲೆ ಬಂದ ಸಿಟ್ಟಿಗಿಂತ ದೊಡ್ಡ ಸಿಟ್ಟು ಅದು, ಅದನ್ನು ಯಾರ ಮೇಲೆ ಕಾರಿಕೊಳ್ಳುವುದೆಂದೇ ತಿಳಿಯಲಿಲ್ಲ. ನಿಂತಲ್ಲೇ ಗಳಗಳ ಅತ್ತೆ. ಸಾವಂತ್ರಿ ಬಂದು ನನ್ನ ಕೈ ಹಿಡಿದುಕೊಂಡಳು.

ಮೇಷ್ಟ್ರು ಮತ್ತೆ ಎದ್ದರು. “ನೀಲಿ ಶಾಲೆಗೆ ಹೋಗ್ಲಿ. ಮುಂದಿನ ಕಟ್ಟು ನಾನೇ ಬಿಚ್ಚುತೀನಿ, ಕಣ್ಣು ಕಟ್ಕೊಂಡು. ಆದರೆ ಹೊಂಬಾಳ, ಕಟ್ಟಳೆ ಕಟ್ಟಳೆಯೇ. ಚಪ್ಪರ...” “ಗೊತ್ತು ಮೇಷ್ಟ್ರೇ” ಎಂದು ನಾನೇ ಹೊರಟೆ. ಕಂಬ ದಾಟುವಾಗ ನೆನಪಾಗಿ ಹಿಂತಿರುಗಿದೆ. “ಅಯ್ಯನವರೇ, ನಿಮ್ಮ ಪುಸ್ತಕದ್ದೂ ಒಂದು ಸಾಲು ತಿಂದಿದೀನಿ. ಗುಂಡಿ ಹೊಲೀತಾ ಅವಳು ಊಟ ಆಯ್ತಾ ಅಂತ ಕೇಳ್ಲಿಲ್ಲ. ನಿನ್ನೆ ಆ ಹೆಣ ಎತ್ತುವಾಗ ನಿಮ್ಮ ಕೈ ನಡುಗಲಿಲ್ಲವೇ ಅಂತ ಕೇಳಿದ್ಲು.”

“ಹಾಂ!” ಎಂದು ಇಡೀ ಚಪ್ಪರ ಒಂದೇ ಬಾಯಲ್ಲಿ ಅಂದಿತು. “ಅದಕ್ಕೇ ಓಡ್ಹೋದ ಬಡ್ಡಿಮಗ!” ಎಂದು ಮುನಿಸ್ವಾಮಿ ಬೆಂಚಿನ ಮೇಲೆ ಹತ್ತಿ ಕುಣಿದ.

ಹೊರಗೆ ಬಂದು ಸುಡುಬಿಸಿಲಲ್ಲಿ ಚಪ್ಪರದ ಪಕ್ಕದ ಒಂದು ಕಲ್ಲಿನ ಮೇಲೆ ಕೂತೆ. ಪುಸ್ತಕದ ಉಳಿದ ಭಾಗ ಅಲ್ಲಿಂದಲೇ ಕೇಳಿದೆ, ಸಾವಂತ್ರಿ ಬೇಕೆಂದೇ ದನಿ ಎತ್ತಿ ಹೇಳಿದಳು. ಮರುದಿನ ಮುನಿಸ್ವಾಮಿ ಆ ಕಲ್ಲಿನ ಸುತ್ತ ನಾಲ್ಕು ಬಿದಿರು ಗಳ ನೆಟ್ಟು, ಚಪ್ಪರದ ತಗಡಿಗೆ ತಾಗುವ ಹಾಗೆ ಒಂದು ಟಾರ್ಪಾಲ್ ಕಟ್ಟಿದ. ಮೇಷ್ಟ್ರು ಬಂದು ನೋಡಿದರು. “ಇದು ಚಪ್ಪರ ಅಲ್ಲ ಮೇಷ್ಟ್ರೇ, ಟಾರ್ಪಾಲು” ಎಂದ ಮುನಿಸ್ವಾಮಿ. ಮೇಷ್ಟ್ರು ಗಳ ಅಲ್ಲಾಡಿಸಿ ನೋಡಿ, “ಇನ್ನೊಂಚೂರು ಆಳಕ್ಕೆ ನೆಡು, ಗಾಳಿಗೆ ಬಿದ್ದೋದಾತು” ಎಂದು ಹೇಳಿ ಹೋದರು.

ಅಕ್ಕನಿಗೆ ಕಾಗದ ಬರೆದೆ. ನಾನೇ, ನನ್ನ ಕೈಯಲ್ಲೇ. ಒಂದು ದಿನವಿಡೀ ಹಿಡಿಯಿತು. ಬೈಯಬೇಕೆಂದು ಕೂತವಳು ಕೊನೆಗೆ ಬರೆದದ್ದು ಒಂದೇ ಸಾಲು: “ನನ್ನ ಬೀಜ ಸಿಕ್ಕಿತು, ನೀನು ಬಾ.” ಅವಳು ಇನ್ನೂ ಬಂದಿಲ್ಲ. ಮುಂದಿನ ಯುಗಾದಿ ಕಳೆದ ಮೇಲೆ ಬರುತ್ತಾಳಂತೆ, ಪುಸ್ತಕದ ಕಟ್ಟಿರುವ ಬಸ್ಸಿನಲ್ಲೇ.

ಓದಿ ಮುಗಿದ ಅಕ್ಕನ ಪುಸ್ತಕ ಶಾಲೆಗೆ ಹೋಗಬೇಕಲ್ಲ, ಸಾವಂತ್ರಿ ಅದನ್ನು ಹಟ ಹಿಡಿದು ನೀಲಿಗೇ ಕೊಡಿಸಿದಳು. ದಸರಾ ರಜೆಗೆ ಮುಂಚಿನ ದಿನ ನೀಲಿ ಶಾಲೆಯಿಂದ ಓಡಿಬಂದು ಪುಸ್ತಕವನ್ನು ನನ್ನ ಮಡಿಲಿಗೆ ಎಸೆದಳು. ನಡುವಿನ ಒಂದು ಪುಟದಲ್ಲಿ, ಪೆನ್ಸಿಲ್ ಮುರಿಯುವಷ್ಟು ಒತ್ತಿ, ದೊಡ್ಡದಾಗಿ ಒಂದು ಪದ ಬರೆದಿದ್ದಳು. ಹಾಳೆ ಎಣಿಸಿ ನೋಡಿದೆ. ನಾನು ಓದಿದ್ದ ಆ ಎರಡು ಪುಟಗಳಲ್ಲೇ ಒಂದು ಅದು.

“ಓದಜ್ಜಿ!” ಎಂದಳು.

ಕೈಬರಹಕ್ಕೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ನನ್ನ ಎದೆ ಡವಗುಟ್ಟಿತು. ಓದಿದೆ. ಅಜ್ಜಿ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದೆ. ಅಲ್ಲೇ ಇತ್ತು.